ಅಂಕೆಗಳ ಕಂಠಾಭರಣ

ನಮ್ಮ ಟೇಕಲ್ಲಿನ ಕಡೆ ಬಂಡೆ ಸೀಳುವವನು ಮೊದಲೇ ಸುತ್ತಿಗೆ ಎತ್ತುವುದಿಲ್ಲ. ಕಲ್ಲಿನ ಎಳೆ ಯಾವ ದಿಕ್ಕಿಗಿದೆಯೆಂದು ನೋಡಿ, ಆ ಗೆರೆಯಗುಂಟ ಸಾಲಾಗಿ ಕುಳಿ ತೋಡಿ ಬೆಣೆ ಇಳಿಸುತ್ತಾನೆ. ದೊಡ್ಡ ಸಂಖ್ಯೆಯೊಂದರ ಗುಣವನ್ನು ಅರಿಯುವ ಬಗೆಯೂ ಹೆಚ್ಚುಕಡಿಮೆ ಹೀಗೆಯೇ. ಅಂಥದೊಂದನ್ನು ಈ ಹೊತ್ತು ಸೀಳಿ ನೋಡೋಣ.

ಸಂಖ್ಯೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬರುತ್ತದೆ, ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಅಂಕೆಗಳೆಂದು ಅವನು ಇದನ್ನು ಬಣ್ಣಿಸುತ್ತಾನೆ. ಗ್ರಂಥಾರಂಭದಲ್ಲಿ ಸ್ತುತನಾದ ದೊರೆ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಸಾಹಿತ್ಯಾಸಕ್ತರು ‘ಮಾರ್ಗ’ವನ್ನು ಬಲ್ಲರು, ಅದರ ಓರಗೆಯ ಈ ಲೆಕ್ಕದ ಪುಸ್ತಕವನ್ನು ತೆರೆಯುವವರು ವಿರಳ.

ಗುಣಾಕಾರದ ಅಭ್ಯಾಸಕ್ಕೆಂದು ಆಚಾರ್ಯನು ಒಡ್ಡುವ ಲೆಕ್ಕ ಇದು: 27994681ನ್ನು 441ರಿಂದ ಗುಣಿಸು. ನೋಡಲು ಎರಡೂ ಅಂದಗೇಡಿ ಸಂಖ್ಯೆಗಳು. ಗುಣಿಸಿದರೆ ಮೇಲಿನ ಹಾರ! ಇಂಥ ಉತ್ತರಗಳನ್ನು ಅವನು ಕಂಠಾಭರಣಗಳೆಂದು ಕರೆಯುತ್ತಾನೆ. 142857143ನ್ನು 7ರಿಂದ ಗುಣಿಸಿದರೆ ದೊರೆಯುವ 1000000001 ಅವನಿಗೆ ರಾಜಕಂಠಿಕೆ.

ಇದು ಬರಿಯ ಚಮತ್ಕಾರವೆಂದು ನಾನು ಒಪ್ಪಲಾರೆ. ಬಾಲಕನು ಎಲ್ಲೋ ಒಂದು ದಶಕವನ್ನು ಕೂಡಿಸಲು ಮರೆತನೆನ್ನಿ. ಹಾರದ ಮಣಿಯೊಂದು ಕೆಟ್ಟು ಕಾಣುತ್ತದೆ. ಗುರು ಬಂದು ತಿದ್ದಬೇಕಾಗಿಲ್ಲ, ಬೆತ್ತವಂತೂ ಬೇಕೇ ಇಲ್ಲ. ತಪ್ಪನ್ನು ತಾನೇ ತೋರಿಸಿಕೊಡುವ ಉತ್ತರವಿದು.

ಇನ್ನು ಎಳೆಯ ಮಾತು. 111111ನ್ನು ಅದರಿಂದಲೇ ಗುಣಿಸಿ. ಕಾಗದದ ಮೇಲೆ ಆರು ಸಾಲು. ಪ್ರತಿ ಸಾಲಿನಲ್ಲೂ ಆರು ಒಂದುಗಳು. ಒಂದೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿದಿದೆ. ಮೊದಲ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಅಲ್ಲಿಂದಾಚೆಗೆ ಮತ್ತೆ ಇಳಿತ. ಕೂಡಿದರೆ 12345654321. ಅಂದರೆ ನಮ್ಮ ಸಂಖ್ಯೆ 111111ರ ವರ್ಗ. ಈ 111111 ಎಂಬುದಾದರೋ 21 ಮತ್ತು 5291ರ ಗುಣಲಬ್ಧ. 21ರ ವರ್ಗ 441. 5291ರ ವರ್ಗ 27994681. ಗುಟ್ಟು ಇಷ್ಟೆ.

111111ನ್ನು ಇನ್ನೂ ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಉಳಿಯುತ್ತವೆ. ಆಚಾರ್ಯನು 3 ಮತ್ತು 7ನ್ನು ಒಂದು ಕಡೆ ಕೂಡಿಹಾಕಿದ್ದಾನೆ. ನೀವು 3 ಮತ್ತು 11ನ್ನು ಆರಿಸಿಕೊಂಡರೆ 1089 ಮತ್ತು 11336689 ಎಂಬ ಹೊಸ ಜೋಡಿ ಸಿಕ್ಕುತ್ತದೆ. ಹಾರ ಮಾತ್ರ ಅದೇ.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಈ ಏರಿಳಿತ ಎಲ್ಲಿಯವರೆಗೆ? ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಾದಾಗ ನಡುಗಂಬದ ಮೊತ್ತ ಹತ್ತಾಗಿ, ದಶಕವು ಪಕ್ಕಕ್ಕೆ ಉಕ್ಕಿ ಹಾರ ಹರಿಯುತ್ತದೆ: 1234567900987654321. ಏರುವ ಬದಿಯಲ್ಲಿ 8 ಕಾಣೆಯಾಗಿರುವುದನ್ನು ಗಮನಿಸಿ. ಆ ಬದಿಯ 12345679ನ್ನಷ್ಟೇ ಕತ್ತರಿಸಿಕೊಂಡು 9ರಿಂದ ಗುಣಿಸಿದರೆ 111111111 ಬರುತ್ತದೆ.