ಉತ್ತರ ಕೇಳದೆ ಬರೆದ ವರದಿ: ಗಣಿ ತನಿಖೆಯಿಂದ ತಿಳಿಯಬೇಕಾದದ್ದು

ಲೆಕ್ಕಪರಿಶೋಧನೆಯ ವೇಳೆ ಯಾವುದಾದರೂ ನಮೂದು ಸಂಶಯಾಸ್ಪದವಾಗಿ ಕಂಡರೆ ಲೆಕ್ಕಪರಿಶೋಧಕನು ಅದನ್ನು ನೇರವಾಗಿ ವರದಿಗೆ ಏರಿಸುವುದಿಲ್ಲ. ಮೊದಲು ಆಡಳಿತ ವರ್ಗಕ್ಕೆ ಪ್ರಶ್ನೆಗಳನ್ನು ಕೊಟ್ಟು, ಲಿಖಿತ ಉತ್ತರ ಪಡೆದು, ಅದು ಸಮರ್ಪಕವಲ್ಲವೆಂದು ಮನವರಿಕೆಯಾದ ಮೇಲೆಯೇ ಅಭಿಪ್ರಾಯವನ್ನು ದಾಖಲಿಸುತ್ತಾನೆ. ಇದು ಆಡಳಿತ ವರ್ಗಕ್ಕೆ ತೋರುವ ದಾಕ್ಷಿಣ್ಯವಲ್ಲ. ಉತ್ತರ ಕೇಳದೆ ಬರೆದ ಮಾತು ಮುಂದೆ ಪ್ರಶ್ನೆಗೊಳಗಾದಾಗ ನಿಲ್ಲುವುದಿಲ್ಲ ಎಂಬ ಅನುಭವದಿಂದ ರೂಢಿಗೆ ಬಂದ ಪದ್ಧತಿ. ಅಧಿಕಾರದಲ್ಲಿರುವವರ ನಡತೆಯನ್ನು ಕುರಿತ ತನಿಖೆಗಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ರಾಜ್ಯದ ಗಣಿ ವರದಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಅಕ್ರಮ ಗಣಿಗಾರಿಕೆಯ ತನಿಖೆಯನ್ನು ರಾಜ್ಯ ಸರ್ಕಾರವು 2007ರಲ್ಲಿ ಲೋಕಾಯುಕ್ತರಿಗೆ ಒಪ್ಪಿಸಿತು. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲನೆಯ ವರದಿಯನ್ನೂ, 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಸಲ್ಲಿಸಿದರು. ಎರಡನೆಯ ವರದಿಯು ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಅಂದಾಜಿಸಿತ್ತು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುಟುಂಬದವರು ನಡೆಸುತ್ತಿದ್ದ ಶಿಕ್ಷಣ ಟ್ರಸ್ಟಿಗೆ ಗಣಿ ಕಂಪನಿಯೊಂದರಿಂದ ಬಂದ ದೇಣಿಗೆಯ ಮೇಲೂ ಅದು ಆಕ್ಷೇಪ ಎತ್ತಿತ್ತು. ವರದಿ ಸರ್ಕಾರದ ಕೈ ಸೇರುವ ಕೆಲವು ದಿನ ಮೊದಲೇ ಅದರ ಮುಖ್ಯಾಂಶಗಳು ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ಬಿತ್ತರಗೊಂಡಿದ್ದವು. ಜುಲೈ 31ರಂದು ಮುಖ್ಯಮಂತ್ರಿಗಳು ರಾಜೀನಾಮೆ ನೀಡಿದರು.

ಮುಂದೇನಾಯಿತು? 2012ರ ಮಾರ್ಚ್ 7ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ವರದಿಯಲ್ಲಿ ಯಡಿಯೂರಪ್ಪನವರಿಗೆ ಸಂಬಂಧಿಸಿದ್ದ ಭಾಗವನ್ನೂ, ಅದನ್ನಾಧರಿಸಿ ದಾಖಲಾಗಿದ್ದ ಪ್ರಥಮ ವರ್ತಮಾನ ವರದಿಯನ್ನೂ ರದ್ದುಪಡಿಸಿತು. ವ್ಯಕ್ತಿಯ ವಿರುದ್ಧ ಅಭಿಪ್ರಾಯ ಬರೆಯುವ ಮುನ್ನ ಅವರ ವಿವರಣೆಗೆ ಅವಕಾಶ ಕೊಟ್ಟಿರಲಿಲ್ಲ, ಇದು ಸಹಜ ನ್ಯಾಯದ ತತ್ತ್ವಕ್ಕೆ ವಿರುದ್ಧ ಎಂಬುದು ಮುಖ್ಯ ಕಾರಣಗಳಲ್ಲೊಂದು. ಅದೇ ವರ್ಷದ ಮೇ 11ರಂದು ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಶಿಫಾರಸನ್ನು ಒಪ್ಪಿ ವಿಷಯವನ್ನು ಸಿಬಿಐಗೆ ವಹಿಸಿತು. 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯವು ಅವರನ್ನೂ ಇತರ ಆರೋಪಿಗಳನ್ನೂ ಖುಲಾಸೆಗೊಳಿಸಿತು.

ಇದರಿಂದ ಗಣಿ ಅಕ್ರಮವೇ ನಡೆದಿರಲಿಲ್ಲವೆಂದು ಯಾರೂ ಭಾವಿಸಬಾರದು. ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ, ಆಗಸ್ಟ್ 26ರಂದು ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಸ್ಥಳ ಸಮೀಕ್ಷೆಯ ಆಧಾರದ ಮೇಲೆ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, 2013ರ ಏಪ್ರಿಲಿನಲ್ಲಿ ಅತಿ ಗಂಭೀರ ಉಲ್ಲಂಘನೆಯ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಲಾರಿ ಮಾಲೀಕರು, ಮೆದುಕಬ್ಬಿಣದ ಘಟಕಗಳವರು ಆ ದಿನಗಳಲ್ಲಿ ಪಟ್ಟ ಪಾಡು ನಮ್ಮ ಸದಸ್ಯರಲ್ಲಿ ಅನೇಕರಿಗೆ ನೆನಪಿರಬಹುದು. ಅಳತೆ, ನಕ್ಷೆ, ದಾಖಲೆಗಳ ಬಲದ ಮೇಲೆ ನಡೆದ ಕ್ರಮ ಉಳಿಯಿತು. ವ್ಯಕ್ತಿಯ ಉತ್ತರ ಕೇಳದೆ ಆತನನ್ನು ಕುರಿತು ಬರೆದ ಪುಟಗಳು ಎಂಟು ತಿಂಗಳೂ ಉಳಿಯಲಿಲ್ಲ. ಆ ಪುಟಗಳು ನಿಜವೆಂದು ನಂಬಿದವರಿಗೂ ನಷ್ಟ, ಸುಳ್ಳೆಂದು ನಂಬಿದವರಿಗೂ ನಷ್ಟ.

ಮುಂಚಿತವಾಗಿ ತಿಳಿಸಿದರೆ ಸಾಕ್ಷ್ಯ ನಾಶವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿ ಎರಡು ಘಟ್ಟಗಳನ್ನು ಬೇರ್ಪಡಿಸಿ ನೋಡಬೇಕು. ತನಿಖೆ ಆರಂಭಿಸುವ ಮುನ್ನ ಶಂಕಿತನ ಮಾತನ್ನು ಕೇಳಲೇಬೇಕೆಂಬ ಹಕ್ಕು ಆತನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮೇಲೆ ಹೇಳಿದ 2012ರ ತೀರ್ಪಿನಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ತನಿಖೆ ಮುಗಿದು, ಹೆಸರಿಗೆ ಕಳಂಕ ತರುವ ನಿರ್ಣಯ ಬರೆಯುವ ಘಟ್ಟದಲ್ಲಿ ಕೇಳಲೇಬೇಕು. 1952ರ ವಿಚಾರಣಾ ಆಯೋಗಗಳ ಅಧಿನಿಯಮದ 8ಬಿ ಕಲಂ ಇದನ್ನೇ ವಿಧಿಸುತ್ತದೆ. ಭಾಗಲ್ಪುರ ಗಲಭೆಯ ಆಯೋಗವು ಎಲ್.ಕೆ. ಅಡ್ವಾಣಿಯವರಿಗೆ ಆ ನೋಟೀಸು ಕೊಡದೆ ಟೀಕೆ ಬರೆದಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಇದು ಕಡ್ಡಾಯವೆಂದು ಹೇಳಿತು. ನಮ್ಮ ವ್ಯವಹಾರದಲ್ಲಿಯೂ ಹೀಗೆಯೇ. ತೆರಿಗೆ ಅಧಿಕಾರಿಗಳು ಶೋಧನೆಗೆ ಬರುವ ಮುನ್ನ ಪತ್ರ ಬರೆದು ಬರುವುದಿಲ್ಲ. ಆದರೆ ಪ್ರತಿಕೂಲ ಆದೇಶ ಮಾಡುವ ಮುನ್ನ ಆಲಿಸಲೇಬೇಕೆಂದು ಜಿಎಸ್‌ಟಿ ಅಧಿನಿಯಮದ 75(4)ನೆಯ ಕಲಂ ಹೇಳುತ್ತದೆ.

ಇನ್ನು ಪ್ರಕಟಣೆಯ ವಿಷಯ. 1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮದಂತೆ, ವರದಿ ಪಡೆದ ಸಕ್ಷಮ ಪ್ರಾಧಿಕಾರವು ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಸರ್ಕಾರವು ನೇಮಿಸಿದ ವಿಚಾರಣಾ ಆಯೋಗದ ವರದಿಯಾದರೆ ಆರು ತಿಂಗಳೊಳಗೆ ಕ್ರಮದ ಟಿಪ್ಪಣಿಯೊಂದಿಗೆ ಸದನದ ಮುಂದಿಡಬೇಕು. ಈ ನಡುವಣ ತಿಂಗಳುಗಳಲ್ಲಿಯೇ ತೊಂದರೆ. ವರದಿ ಬೀಗದೊಳಗಿರುತ್ತದೆ, ಆದರೆ ಅದರ ಆಯ್ದ ಸಾಲುಗಳು ಹೊರಗೆ ತಿರುಗಾಡುತ್ತವೆ. ಆರೋಪಿತನಿಗೆ ಯಾವುದಕ್ಕೆ ಉತ್ತರಿಸಬೇಕೆಂದು ತಿಳಿಯದು. ಸಾರ್ವಜನಿಕರಿಗೆ ಯಾವುದನ್ನು ನಂಬಬೇಕೆಂದು ತಿಳಿಯದು. ವರದಿಯನ್ನು ಮುಚ್ಚಿಡುವುದರಿಂದ ಗೌರವ ಉಳಿಯುತ್ತದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಮುಚ್ಚಿಟ್ಟ ವರದಿಯೇ ಹೆಚ್ಚು ಸೋರುತ್ತದೆ.

ಇದಕ್ಕೆ ಮಾದರಿಯೊಂದು ನಮ್ಮಲ್ಲಿಯೇ ಇದೆ. ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಕರಡು ಕಂಡಿಕೆಗಳನ್ನು ಮೊದಲು ಇಲಾಖೆಗೆ ಕಳುಹಿಸಿ ಉತ್ತರ ಕೇಳುತ್ತಾರೆ. ಉತ್ತರ ಬಂದರೆ ಅದನ್ನೂ, ಅದು ಏಕೆ ಒಪ್ಪತಕ್ಕದ್ದಲ್ಲವೆಂಬುದನ್ನೂ ಅದೇ ಕಂಡಿಕೆಯಲ್ಲಿ ಅಚ್ಚು ಮಾಡುತ್ತಾರೆ. ಬಾರದಿದ್ದರೆ ಬರಲಿಲ್ಲವೆಂದು ಬರೆದು ಮುಂದುವರಿಯುತ್ತಾರೆ. ವಿಳಂಬ ತಂತ್ರಕ್ಕೆ ಅಲ್ಲಿ ಎಡೆಯಿಲ್ಲ. ನೈತಿಕ ತನಿಖೆಯ ವರದಿಗಳನ್ನೂ ಇದೇ ರೀತಿ, ಆರೋಪಿತನ ಉತ್ತರವನ್ನು ಅನುಬಂಧವಾಗಿ ಸೇರಿಸಿ, ನಿಗದಿತ ದಿನದಂದು ಪೂರ್ಣವಾಗಿ ಪ್ರಕಟಿಸಲು ಅಡ್ಡಿಯೇನಿದೆ?

ಇದೆಲ್ಲ ರಾಜಕಾರಣಿಗಳ ಪಾಡು, ನಮಗೇಕೆ ಎಂದು ಕೆಲವರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಗೋದಾಮಿನಲ್ಲಿ ಇಲಾಖೆಯೊಂದರ ತಪಾಸಣೆ ನಡೆಯಿತು. ದಾಸ್ತಾನಿನಲ್ಲಿ ಕೊರತೆಯಿದೆಯೆಂಬ ಸುದ್ದಿ ಮರುದಿನವೇ ಊರಿನ ಪತ್ರಿಕೆಯಲ್ಲಿ ಹೆಸರು ಸಹಿತ ಬಂದಿತು. ಸರಕು ಜಾಬ್ ವರ್ಕಿಗಾಗಿ ಬೇರೆ ಘಟಕಕ್ಕೆ ಹೋಗಿತ್ತು, ಚಲನ್‌ಗಳು ಕ್ರಮಬದ್ಧವಾಗಿದ್ದವು. ವಿಚಾರಣೆಯ ದಿನ ಅವುಗಳನ್ನು ಹಾಜರುಪಡಿಸಿದ ಮೇಲೆ ಪ್ರಕರಣ ಮುಕ್ತಾಯವಾಯಿತು. ಅಷ್ಟರಲ್ಲಿ ಬ್ಯಾಂಕು ಕ್ಯಾಶ್ ಕ್ರೆಡಿಟ್ ಮಿತಿಯ ನವೀಕರಣವನ್ನು ತಡೆಹಿಡಿದಿತ್ತು, ಇಬ್ಬರು ಸರಬರಾಜುದಾರರು ಮುಂಗಡ ಕೇಳತೊಡಗಿದ್ದರು. ಪ್ರಕರಣ ಮುಕ್ತಾಯವಾದ ಸುದ್ದಿಯನ್ನು ಯಾವ ಪತ್ರಿಕೆಯೂ ಅಚ್ಚು ಮಾಡಲಿಲ್ಲ.

ಗಣಿ ತನಿಖೆಯಂತಹ ವಿಚಾರಣೆಗಳಲ್ಲಿ ವ್ಯಾಪಾರಿಗಳ ಹೆಸರೂ ಬರುತ್ತದೆ: ಸಾಕ್ಷಿಯಾಗಿ, ಸಾಗಣೆದಾರನಾಗಿ, ದೇಣಿಗೆ ನೀಡಿದವನಾಗಿ. ವಿಚಾರಣಾ ಆಯೋಗದಿಂದ 8ಬಿ ನೋಟೀಸು ಬಂದರೆ ಗಾಬರಿಪಡಬೇಕಾಗಿಲ್ಲ. ಅದು ಆಪಾದನೆಯ ಪತ್ರವೆನ್ನುವುದಕ್ಕಿಂತ ಹೆಚ್ಚಾಗಿ ನಿಮಗೆ ದೊರೆತ ಅವಕಾಶ. 8ಸಿ ಕಲಮಿನಂತೆ ವಕೀಲರನ್ನು ನೇಮಿಸಿಕೊಳ್ಳುವ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕೂ ನಿಮಗಿದೆ. ಅವಲಂಬಿಸಿದ ದಾಖಲೆಗಳ ಪ್ರತಿಗಳನ್ನು ಲಿಖಿತವಾಗಿ ಕೇಳಿ, ಅವಧಿಯೊಳಗೆ ಉತ್ತರಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜನಪ್ರತಿನಿಧಿಗಳಿಗೆ ಸಂಬಂಧಿಸಿದ ಟ್ರಸ್ಟಿಗೆ ದೇಣಿಗೆ ಕೊಟ್ಟಿದ್ದರೆ ಮನವಿ ಪತ್ರ, ಆಡಳಿತ ಮಂಡಳಿಯ ನಿರ್ಣಯ, ಚೆಕ್ಕಿನ ವಿವರ, ರಸೀದಿ ಇವು ನಾಲ್ಕೂ ಒಂದೇ ಕಡತದಲ್ಲಿರಲಿ. ಆ ಅವಧಿಯಲ್ಲಿ ಸರ್ಕಾರದ ಮುಂದೆ ನಿಮ್ಮ ಅರ್ಜಿ ಯಾವುದಾದರೂ ಬಾಕಿಯಿತ್ತೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದಕ್ಕೆ ಉತ್ತರವನ್ನು ದೇಣಿಗೆ ಕೊಡುವ ದಿನವೇ ಯೋಚಿಸಿ ಬರೆದಿಡುವುದು ಒಳಿತು.