ಅಪ್ಪ ಓನರ್ ಆದರು, ನಾನಿನ್ನೂ ಬಾಡಿಗೆದಾರಳು

ಬೆಂಗಳೂರಿನಲ್ಲಿ ನಾನು ಮೂವರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಮುಳಬಾಗಿಲಿನಲ್ಲಿ ನಮ್ಮಪ್ಪ ಎರಡು ಮನೆಗಳ ಓನರ್. ಎರಡೂ ಒಂದೇ ವರ್ಷ ಶುರುವಾದವು. ಹಾಗಾಗಿ ನಮ್ಮ ಓನರ್ ಫೋನ್ ಮಾಡಿ 'ನೀರು ಜಾಸ್ತಿ ಖರ್ಚಾಗ್ತಿದೆ' ಅಂದರೆ ಸಿಟ್ಟು ಬರುತ್ತದೆ. ಅದೇ ಸಂಜೆ ಅಪ್ಪ ಫೋನ್ ಮಾಡಿ ಅದೇ ಮಾತು ಹೇಳಿದರೆ 'ಪಾಪ' ಅನ್ನಿಸುತ್ತದೆ.

ನಮ್ಮೂರು ಕುರುಡುಮಲೆ. ಹದಿಮೂರು ಅಡಿ ದಾಟಿದ ಏಕಶಿಲೆಯ ಗಣಪನಿಂದಾಗಿ ನೀವು ಹೆಸರು ಕೇಳಿರುತ್ತೀರಿ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದವರೂ ಇಲ್ಲಿ ಪೂಜೆ ಮಾಡಿಸಿಯೇ ಪ್ರಚಾರಕ್ಕೆ ಹೊರಡುತ್ತಾರೆ. ಅವರೆಲ್ಲ ಬಂದು ಹೋಗುವವರು, ಊರಲ್ಲಿ ಬಾಡಿಗೆಗೆ ಮನೆ ಕೇಳುವವರಿಲ್ಲ. ಅದಕ್ಕೇ ಅಪ್ಪ ಹತ್ತು ಕಿಲೋಮೀಟರ್ ಆಚೆ, ಮುಳಬಾಗಿಲು ಪೇಟೆಯಲ್ಲಿ ಹಿಂದೆಂದೋ ಕೊಂಡಿದ್ದ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿಸಿದರು.

ದುಡ್ಡು ಬಂದದ್ದು ಟೊಮೆಟೊದಿಂದ. 2023ರ ಜುಲೈ ನಿಮಗೆ ನೆನಪಿರಬಹುದು. ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಇದ್ದವರನ್ನು ನಾನೇ ನೋಡಿದ್ದೇನೆ. ಅದೇ ಹಣ್ಣನ್ನು ಬೆಲೆಯಿಲ್ಲದೆ ರಸ್ತೆ ಪಕ್ಕ ಸುರಿದು ಬಂದ ವರ್ಷಗಳೂ ನಮ್ಮ ತಾಲ್ಲೂಕಿಗೆ ಹೊಸತಲ್ಲ. ಆ ಜುಲೈನಲ್ಲಿ ಕೈಗೆ ಬಂದದ್ದನ್ನು ಅಪ್ಪ ಮತ್ತೆ ಬೋರ್‌ವೆಲ್‌ಗೆ ಹಾಕಲಿಲ್ಲ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗುವ ಗ್ಯಾರಂಟಿ ಇಲ್ಲ. 12 ಲಕ್ಷ ಕೈಯಿಂದ, 10 ಲಕ್ಷ ಬ್ಯಾಂಕ್ ಸಾಲ. ಕೆಳಗೊಂದು, ಮೇಲೊಂದು ಮನೆ, ತಲಾ ಒಂದು ಬೆಡ್‌ರೂಮ್.

ಸಾಲದ ಕಂತು ತಿಂಗಳಿಗೆ 12,700 ರೂಪಾಯಿ. ಎರಡು ಮನೆಯ ಬಾಡಿಗೆ ಸೇರಿ 13,000. ಒಂದು ಮನೆ ಒಂದು ತಿಂಗಳು ಖಾಲಿ ಬಿದ್ದರೆ ಕಂತಿಗೆ ಆರು ಸಾವಿರ ತೋಟದಿಂದಲೇ ಬರಬೇಕು. ನಾನು ಎಕ್ಸೆಲ್ ಶೀಟ್ ತೆರೆದು ಕಂದಾಯ, ರಿಪೇರಿ, ಖಾಲಿ ಬೀಳುವ ತಿಂಗಳು ಎಲ್ಲ ಕಳೆದೆ. ಹಾಕಿದ 22 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ಆರೂ ಚಿಲ್ಲರೆ. 'ಬ್ಯಾಂಕಲ್ಲಿ ಇಟ್ಟಿದ್ರೂ ಹೆಚ್ಚೂ ಕಮ್ಮಿ ಇಷ್ಟೇ ಬರ್ತಿತ್ತಲ್ಲಪ್ಪ' ಅಂದೆ. ಅಪ್ಪ ಶೀಟ್ ಕಡೆ ನೋಡಲೂ ಇಲ್ಲ. 'ಟೊಮೆಟೊಗೆ ಹಿಂಗೆ ಒಂದು ಲೆಕ್ಕ ಹಾಕಿಕೊಡಮ್ಮ ನೋಡೋಣ' ಅಂದರು. ಅದಕ್ಕೆ ನನ್ನ ಹತ್ತಿರ ಫಾರ್ಮುಲಾ ಇರಲಿಲ್ಲ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ಹಾಗಾಗಿ ಮೀಟರ್ ವಿಷಯ ನನ್ನ ಪಾಲಿಗೆ ಬಂತು. ಬಾಡಿಗೆಗೆ ಕಟ್ಟುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಪ್ರತಿ ಮನೆಗೂ ಬೇರೆ ಮೀಟರ್ ಹಾಕಿಸಿ. ಗೃಹಜ್ಯೋತಿಯಲ್ಲಿ ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು. ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ ಆ ಲಾಭ ಒಬ್ಬರಿಗೆ, ಜಗಳ ಇಬ್ಬರಿಗೆ. 200 ಯೂನಿಟ್ ಉಚಿತ ಎಂದು ಹೇಳುವುದನ್ನೂ ಸರಿಯಾಗಿ ತಿಳಿದುಕೊಳ್ಳಿ. 200 ಅನ್ನುವುದು ಮೇಲಿನ ಮಿತಿ. ಉಚಿತ ಸಿಗುವುದು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ. ಹೊಸ ಮನೆಗೆ ಹಿಂದಿನ ಬಳಕೆಯೇ ಇರುವುದಿಲ್ಲವಲ್ಲ, ಅದಕ್ಕೆ ರಾಜ್ಯದ ಸರಾಸರಿ ಹಿಡಿಯುತ್ತಾರೆ. ಗೀಸರ್, ಇಂಡಕ್ಷನ್ ಸ್ಟವ್ ಇಟ್ಟುಕೊಂಡು ಬರುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂಪಿನ ಮೋಟಾರನ್ನು ಕೆಳಗಿನ ಮನೆಯ ಮೀಟರಿಗೇ ಕೊಡೋಣ ಅಂತ ಮೇಸ್ತ್ರಿ ಹೇಳಿದ್ದರು. ವೈರ್ ಉಳಿಯುತ್ತದೆ, ನಿಜ. ಆದರೆ ಮೇಲಿನ ಮನೆಯವರ ನೀರಿಗೆ ಕೆಳಗಿನವರು ಕರೆಂಟ್ ಬಿಲ್ ಕಟ್ಟಬೇಕಾಗುತ್ತದೆ. ಹಟ ಹಿಡಿದು ಮೋಟಾರಿಗೂ ಮೆಟ್ಟಿಲ ಲೈಟಿಗೂ ಮೂರನೇ ಮೀಟರ್ ಹಾಕಿಸಿದೆ. ಆ ಬಿಲ್ ಅಪ್ಪನದು.

ನೀರಿನ ಲೆಕ್ಕವೂ ಇದೆ. ನಗರದ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ಸಿವಿಲ್ ಗೆಳೆಯರು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಖ್ಯೆ. ಎರಡು ಮನೆ, ಎಂಟು ಜನ ಅಂದರೆ 1080 ಲೀಟರ್. ನಮ್ಮದು ಹತ್ತು ಸಾವಿರ ಲೀಟರ್ ಸಂಪ್. ನಲ್ಲಿ ನೀರು ಬಾರದಿದ್ದರೂ ಒಂಬತ್ತು ದಿನ ತಳ್ಳಬಹುದು. ಆಮೇಲೆ ಟ್ಯಾಂಕರ್. ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿದೆವು: ಅರ್ಧ ಓನರ್, ಉಳಿದರ್ಧ ಎರಡು ಮನೆಯವರು. ನಮ್ಮ ಜಿಲ್ಲೆಯಲ್ಲಿ ಬಾಡಿಗೆಗಿಂತ ಇದರ ಮೇಲೆಯೇ ಹೆಚ್ಚು ಮಾತು ಬೆಳೆಯುವುದು.

ಕರಾರು 11 ತಿಂಗಳದು. ಯಾಕೆ 11 ಅಂತ ನನಗೂ ಗೊತ್ತಿರಲಿಲ್ಲ. ಒಂದು ವರ್ಷ ಮೀರುವ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಇಡೀ ದೇಶವೇ 11ಕ್ಕೆ ನಿಂತುಬಿಟ್ಟಿದೆ. ಅಡ್ವಾನ್ಸ್ ಮೂರು ತಿಂಗಳದು. ಬೆಂಗಳೂರಿನಲ್ಲಿ ಹತ್ತು ತಿಂಗಳು ಕೇಳುವುದು ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ಆದರೆ ಅದು ಮಾದರಿ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರಷ್ಟೇ ಜಾರಿ. ಅಪ್ಪ ಐದು ತಿಂಗಳು ಅಂದರು, ನಾನು ಎರಡು ಅಂದೆ, ಮೂರಕ್ಕೆ ರಾಜಿ.

ಬ್ರೋಕರ್ ಒಬ್ಬರು ಇನ್ನೊಂದು ದಾರಿ ತೋರಿಸಿದರು. ಕೆಳಗಿನ ಮನೆ ಮೂರು ವರ್ಷ ಭೋಗ್ಯಕ್ಕೆ ಕೊಡಿ, ಒಂದೇ ಸಲ ನಾಲ್ಕು ಲಕ್ಷ ಕೈಗೆ ಬರುತ್ತದೆ, ತಿಂಗಳ ಬಾಡಿಗೆಯ ತಲೆನೋವಿಲ್ಲ. ಅಪ್ಪನ ಕಣ್ಣಲ್ಲಿ ಆಗಲೇ ಡ್ರಿಪ್ ಪೈಪು, ಮಲ್ಚಿಂಗ್ ಶೀಟು ಓಡಾಡತೊಡಗಿದ್ದವು. ತಡೆದದ್ದು ಅಮ್ಮ. 'ಮೂರು ವರ್ಷ ಆದಮೇಲೆ ನಾಲ್ಕು ಲಕ್ಷ ವಾಪಸ್ ಕೊಡಬೇಕಲ್ಲ, ಆ ವರ್ಷ ಬಾಕ್ಸಿಗೆ ಎಂಬತ್ತು ರೂಪಾಯಿ ಇದ್ರೆ?' ಭೋಗ್ಯ ಅಂದರೆ ಹೆಸರಷ್ಟೇ ಬೇರೆ, ಅದೂ ಸಾಲವೇ ಎಂದು ಅಮ್ಮನಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಟು-ಲೆಟ್ ಬೋರ್ಡ್ ಹಾಕಿದ ಮೇಲೆ ಬಂದ ಫೋನುಗಳಲ್ಲಿ ಒಂದನ್ನು ಹೇಳಲೇಬೇಕು. ನಾನು ರಜೆಗೆ ಊರಲ್ಲಿದ್ದೆ, ಸ್ಪೀಕರ್ ಆನ್ ಇತ್ತು. ಹೆಂಗಸೊಬ್ಬರು, ಆಸ್ಪತ್ರೆಯಲ್ಲಿ ನರ್ಸ್, ಗಂಡ ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಕೆಲಸಕ್ಕೆ ಹೋಗುತ್ತಾರೆ, ಒಂದು ಮಗು. ಬಾಡಿಗೆ ಎಷ್ಟು ಅಂತಲೂ ಕೇಳುವ ಮುಂಚೆ ಅವರು ಹೇಳಿದ್ದು: 'ಸರ್, ನಾವು ಎಸ್ಸಿ. ಮೊದಲೇ ಹೇಳ್ಬಿಡ್ತೀನಿ. ಮನೆ ನೋಡ್ಕೊಂಡು ಹೋದಮೇಲೆ ಇಲ್ಲ ಅನ್ನಿಸ್ಕೊಳ್ಳೋದು ಬೇಡ.'

ಅಪ್ಪ ಸುಮ್ಮನಾದರು. 'ಮನೇಲಿ ಕೇಳಿ ಹೇಳ್ತೀನಮ್ಮ' ಅಂದರು. ಆಕೆ 'ಸರಿ ಸರ್' ಅಂದ ರೀತಿಯಲ್ಲಿ ಆ ವಾಕ್ಯ ಎಷ್ಟು ಸಲ ಕೇಳಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಹತ್ತರಲ್ಲಿ ಮೂವರು ಪರಿಶಿಷ್ಟ ಜಾತಿಯವರು. ಮುಳಬಾಗಿಲು ವಿಧಾನಸಭೆ, ಕೋಲಾರ ಲೋಕಸಭೆ ಎರಡೂ ಮೀಸಲು ಕ್ಷೇತ್ರಗಳು. ವೋಟು ಹಾಕಿ ಶಾಸಕರನ್ನು ಮಾಡುತ್ತೇವೆ, ಬಾಡಿಗೆಗೆ ಮನೆ ಅಂದರೆ 'ಮನೇಲಿ ಕೇಳಿ ಹೇಳ್ತೀನಿ'.

ಮನೆಯಲ್ಲಿ ಕೇಳುವುದು ಅಂದರೆ ಅಜ್ಜಿಯನ್ನು. ಅಜ್ಜಿ ತೆಲುಗಿನಲ್ಲೇ ಬೈದರು, ಸಿಟ್ಟು ಬಂದರೆ ನಮ್ಮ ಕಡೆ ಕನ್ನಡ ಸಾಲುವುದಿಲ್ಲ. ಪಕ್ಕದ ಮನೆಯವರು ಏನಂತಾರೆ, ನಾಳೆ ಬೇರೆಯವರು ಆ ಮನೆಗೆ ಬರ್ತಾರಾ ಅನ್ನುವುದು ಅವರ ವಾದ. ನಾನು ಬೆಂಗಳೂರಿನ ಮಾತು ಎತ್ತಿದೆ. ಅಲ್ಲಿ ಮನೆ ಹುಡುಕುವಾಗ ನಮ್ಮನ್ನು 'ವೆಜ್ಜಾ ನಾನ್‌ವೆಜ್ಜಾ' ಅಂತ ಕೇಳಿ ಮೂರು ಗೇಟಿನಿಂದ ವಾಪಸ್ ಕಳಿಸಿದ್ದರು. ಇದು ಅಪ್ಪನಿಗೆ ಹೊಸ ಸುದ್ದಿ. ಎಷ್ಟೋ ಹೊತ್ತು ಬೀಡಿ ಸೇದುತ್ತಾ ಜಗುಲಿ ಮೇಲೆ ಕೂತಿದ್ದರು. ಬೆಳಿಗ್ಗೆ ಆಕೆಗೆ ಅವರೇ ಫೋನ್ ಮಾಡಿದರು. ನನ್ನ ಮಾತಿನಿಂದಲೋ, ಇಬ್ಬರ ಸಂಬಳ ತಿಂಗಳು ತಪ್ಪದೆ ಬರುತ್ತದೆ ಅನ್ನುವ ಲೆಕ್ಕದಿಂದಲೋ ಅಂತ ನಾನು ಕೇಳಲಿಲ್ಲ. ಎರಡನೆಯದೇ ಇರಬಹುದು, ಪರವಾಗಿಲ್ಲ.

ಅವರು ಕೆಳಗಿನ ಮನೆಗೆ ಬಂದು ಹತ್ತು ತಿಂಗಳಾಯಿತು. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಫೋನ್‌ಪೇ ಬರುತ್ತದೆ. ಪಕ್ಕದ ಮನೆಯವರು ಮೊದಲೆರಡು ತಿಂಗಳು ಮಾತಾಡಲಿಲ್ಲ, ಆಮೇಲೆ ಬಿಪಿ ನೋಡಿಸಿಕೊಳ್ಳಲು ಬರತೊಡಗಿದರು. ಅಜ್ಜಿ ಮಾತ್ರ ಇನ್ನೂ ಆ ಮನೆಯಲ್ಲಿ ನೀರು ಕುಡಿದಿಲ್ಲ.

ಮೇಲಿನ ಮನೆಯವರು ಮೊನ್ನೆ ಕೆಲಸ ಬದಲಾಗಿ ಹೊಸಕೋಟೆಗೆ ಹೊರಟರು. ಅವರ ಅಡ್ವಾನ್ಸ್ 19,500 ಅಮ್ಮ ಬೇರೆ ಖಾತೆಯಲ್ಲೇ ಇಟ್ಟಿದ್ದರಿಂದ ಅದೇ ದಿನ ಕೊಡಲು ಆಯಿತು. ಅಪ್ಪ ನನಗೆ ಫೋನ್ ಮಾಡಿ, 'ನಿಮ್ಮ ಓನರ್ ಖಾಲಿ ಮಾಡುವಾಗ ಎಷ್ಟು ಹಿಡ್ಕೊಂತಾರೆ?' ಅಂತ ಕೇಳಿದರು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಅಂದೆ. ಮನೆ ಕೊಡುವಾಗ ನಾನು ತೆಗೆದಿಟ್ಟಿದ್ದ ಫೋಟೊಗಳನ್ನು ಕಳಿಸಿದೆ. ಮುರಿದಿದ್ದು ಸಿಂಕಿನ ನಲ್ಲಿ ಒಂದೇ. ಅದಕ್ಕೆ 350 ಹಿಡಿದು ಉಳಿದದ್ದು ಕೊಟ್ಟರು. ಗೋಡೆಗೆ ಈ ಭಾನುವಾರ ಅಪ್ಪನೇ ಬ್ರಷ್ ಹಿಡಿಯುತ್ತಾರಂತೆ. ಬೋರ್ಡ್ ಮತ್ತೆ ಗೇಟಿನಲ್ಲಿದೆ: ಒಂದು ಬೆಡ್‌ರೂಮ್, ಬೇರೆ ಮೀಟರ್, 6,500 ರೂಪಾಯಿ, ಟ್ಯಾಂಕರ್ ಅರ್ಧ ಓನರ್.