ವಕೀಲರ ಫೀಸು: ಲೆಕ್ಕ ಕೇಳಲು ಹಿಂಜರಿಕೆ ಬೇಡ



ಮನೆ ಯಜಮಾನರು ತೀರಿಕೊಂಡರೆ ದುಃಖ ಆರುವ ಮೊದಲೇ ಕಾಗದಪತ್ರದ ಓಡಾಟ ಶುರುವಾಗುತ್ತದೆ. ನಮ್ಮ ನ್ಯೂ ಟೌನ್, ಪೇಪರ್ ಟೌನ್ ಕಡೆಯ ಮನೆಗಳಲ್ಲಿ ಕಾರ್ಖಾನೆಯ ಪಿ.ಎಫ್., ಗ್ರಾಚ್ಯುಟಿ, ಬ್ಯಾಂಕಿನ ಠೇವಣಿ, ಊರಲ್ಲಿರೋ ತುಂಡು ಗದ್ದೆ ಎಲ್ಲವೂ ಸಾಮಾನ್ಯವಾಗಿ ಗಂಡಸರ ಹೆಸರಲ್ಲೇ. "ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ" ಅಂದ ಕೂಡಲೇ ವಕೀಲರ ಹತ್ತಿರ ಹೋಗುತ್ತೇವೆ. "ಬಂದ ದುಡ್ಡಲ್ಲಿ ಕಾಲು ಭಾಗ ನನಗೆ" ಅಂತ ಯಾರಾದರೂ ಹೇಳಿದರೆ "ಆಯ್ತು ಸಾರ್" ಅಂತ ಸಹಿ ಹಾಕಿ ಬರುತ್ತೇವೆ. ಹೀಗೆ ಪಾಲು ಕೇಳಲು ವಕೀಲರಿಗೆ ಹಕ್ಕಿದೆಯೇ?

ಇಲ್ಲ. ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು ಎರಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ತೆಲಂಗಾಣದ ಒಬ್ಬ ಮಹಿಳೆಯ ಪ್ರಕರಣ ಕೇಳಿ. 1998ರಲ್ಲಿ ಆಕೆಯ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪರಿಹಾರದ ಕೇಸು ನಡೆಸಿದ ವಕೀಲರು ಬಂದ ಹಣದ ಇಂತಿಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕಿ ಫೀಸು ಕೇಳಿದರು. ಆಕೆ ಕೊಟ್ಟ ಚೆಕ್ ಬೌನ್ಸ್ ಆಯ್ತು ಅಂತ ಆಕೆಯ ಮೇಲೇ ಕ್ರಿಮಿನಲ್ ಕೇಸು ಹಾಕಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿ, ಹೀಗೆ ಪಾಲು ಕೇಳುವುದು ವೃತ್ತಿ ದುರ್ನಡತೆ ಎಂದು ಹೇಳಿತು. ಅಂದರೆ "ನೀವೇ ಒಪ್ಪಿ ಸಹಿ ಹಾಕಿದ್ರಲ್ಲ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎಲ್ಲ ವಕೀಲರೂ ಹೀಗಿಲ್ಲ. ಬಡವರ ಕೇಸನ್ನು ಕಾಸು ತೆಗೆದುಕೊಳ್ಳದೆ ನಡೆಸುವವರೂ ಇದ್ದಾರೆ. ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು: ಫೀಸು ಬರೀ ಜಾಸ್ತಿ ಆಯ್ತು ಅಂತ ದೂರು ಕೊಟ್ಟರೆ ಗೆಲ್ಲುವುದು ಕಷ್ಟ. ಯಾವ ಕೆಲಸಕ್ಕೆ ಎಷ್ಟು ಎಂಬ ಒಂದೇ ದರಪಟ್ಟಿ ಇಲ್ಲ; ವಕೀಲರ ಅನುಭವಕ್ಕೂ ಕೇಸಿನ ಸ್ವರೂಪಕ್ಕೂ ತಕ್ಕಂತೆ ಇರಬೇಕು ಅಂತ ಮಾತ್ರ ನಿಯಮ ಹೇಳುತ್ತದೆ. ಆದರೆ ಪಾಲು ಕೇಳಿದ್ದು, ನಿಮ್ಮ ಹಣ ತಮ್ಮ ಹತ್ತಿರವೇ ಇಟ್ಟುಕೊಂಡದ್ದು, ಲೆಕ್ಕ ಕೊಡದೇ ಇದ್ದದ್ದು, ಇವು ಸ್ಪಷ್ಟವಾದ ತಪ್ಪುಗಳು. ಕಕ್ಷಿದಾರರ ಹಣಕ್ಕೆ ವಕೀಲರು ಲೆಕ್ಕ ಇಡಲೇಬೇಕು, ಕೇಳಿದಾಗ ಅದರ ಪ್ರತಿ ಕೊಡಲೇಬೇಕು. ಫೀಸು ಬಾಕಿ ಇದೆ ಅಂತ ನಿಮ್ಮ ಕೇಸಿನ ಕಡತ, ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಉತ್ತರ ಪ್ರದೇಶದ ಒಬ್ಬ ಓದು ಬರಹ ಬಾರದ ಮುದುಕನ ಜಮೀನು ಸರ್ಕಾರಕ್ಕೆ ಹೋಗಿತ್ತು. ಪರಿಹಾರ ಬಂದದ್ದು 8,118 ರೂಪಾಯಿ. 1987ರಲ್ಲಿ ವಕೀಲರು ಅದನ್ನು ಕೋರ್ಟಿನಿಂದ ಬಿಡಿಸಿಕೊಂಡು ತಾವೇ ಇಟ್ಟುಕೊಂಡರು. ದೂರು ಹೋದಾಗ, ರಾಜಿಯಾಗಿದೆ ಅಂತ ಆ ಮುದುಕನ ಹೆಸರಲ್ಲೇ ಸುಳ್ಳು ಅಫಿಡವಿಟ್ ಸಲ್ಲಿಸಿದರು. ಪರಿಷತ್ತು ಮೂರು ವರ್ಷ ಅಮಾನತು ಮಾಡಿತು. ಅದು ಸಾಲದು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಪಟ್ಟಿಯಿಂದಲೇ ಅವರ ಹೆಸರು ತೆಗೆಸಿತು. ನಮ್ಮದು ಸಣ್ಣ ಮೊತ್ತ, ಯಾರು ಕೇಳ್ತಾರೆ ಅನ್ನುವವರು ಆ 8,118 ರೂಪಾಯಿಯನ್ನು ನೆನಪಿಡಿ.

ದೂರು ಕೊಡಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ಮೂವರ ಶಿಸ್ತು ಸಮಿತಿ ವಿಚಾರಣೆ ಮಾಡುತ್ತದೆ. ಎಚ್ಚರಿಕೆ ಕೊಡಬಹುದು, ಕೆಲಕಾಲ ಅಮಾನತು ಮಾಡಬಹುದು, ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದೊಳಗೆ ಮುಗಿಯದಿದ್ದರೆ ಪ್ರಕರಣ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ತೀರ್ಪು ಸರಿ ಅನ್ನಿಸದಿದ್ದರೆ 60 ದಿನದೊಳಗೆ ಅಲ್ಲಿಗೆ ಮೇಲ್ಮನವಿ ಹಾಕಬಹುದು. ಮಧ್ಯದಲ್ಲಿ ಯಾರೋ ಒತ್ತಡ ಹಾಕಿ ದೂರು ವಾಪಸ್ ತೆಗೆಸಿದರೂ, ಅದೊಂದೇ ಕಾರಣಕ್ಕೆ ವಿಚಾರಣೆ ನಿಲ್ಲುವುದಿಲ್ಲ.

ಪರಿಷತ್ತಿನ ಕೆಲಸ ಮುಖ್ಯವಾಗಿ ಶಿಸ್ತು ಕ್ರಮ. ಹೋದ ದುಡ್ಡು ವಾಪಸ್ ಬೇಕಾದರೆ ಸಿವಿಲ್ ಕೋರ್ಟಿಗೇ ಹೋಗಬೇಕು. ಸುಳ್ಳು ಸಹಿ, ಮೋಸ ಆಗಿದ್ದರೆ ಪೊಲೀಸ್ ದೂರೂ ಕೊಡಬಹುದು. ಗ್ರಾಹಕರ ವೇದಿಕೆಗೆ ಹೋಗೋಣ ಅಂದರೆ ಆ ದಾರಿ ಈಗಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ದೂರಿಗೆ ಜೀವ ಕೊಡುವುದು ಕಾಗದ. ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಪಾಸ್ ಬುಕ್ಕಿನಲ್ಲಿ ಬರೆಸುವ ನಾವು, ವಕೀಲರಿಗೆ ಸಾವಿರಾರು ರೂಪಾಯಿ ಕೊಟ್ಟು ಚೀಟಿ ಕೇಳುವುದಿಲ್ಲ! ಫೀಸು ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಕೋರ್ಟ್ ಫೀ ಬೇರೆ, ವಕೀಲರ ಫೀಸು ಬೇರೆ. ಕೋರ್ಟ್ ಫೀ ಸರ್ಕಾರಕ್ಕೆ ಹೋಗುವಂಥದ್ದು, ಅದಕ್ಕೆ ರಸೀದಿ ಇರುತ್ತದೆ, ಕೇಳಿ ನೋಡಿ. ಆದಷ್ಟು ಚೆಕ್ಕಿನಲ್ಲೇ ಕೊಡಿ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಬೇಡ. ಬರುವ ಹಣ ನಿಮ್ಮ ಖಾತೆಗೇ ನೇರವಾಗಿ ಬರಲಿ.

ಎಷ್ಟೋ ಕೆಲಸಕ್ಕೆ ವಕೀಲರೇ ಬೇಕಿಲ್ಲ. ನಾಮಿನಿ ಹೆಸರಿದ್ದರೆ ಪಿ.ಎಫ್., ಬ್ಯಾಂಕ್ ಹಣಕ್ಕೆ ಅರ್ಜಿ ಮತ್ತು ಮರಣ ಪತ್ರ ಸಾಕಾಗುತ್ತದೆ. ತಕರಾರಿಲ್ಲದ ಜಮೀನಿನ ಪೌತಿ ಖಾತೆಗೆ ನಾಡಕಚೇರಿಯಲ್ಲೇ ಅರ್ಜಿ ಕೊಡಬಹುದು. ಕೋರ್ಟಿಗೆ ಹೋಗಲೇಬೇಕಾಗಿ ಬಂದರೆ, 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹಾಗೆ ನೇಮಕವಾದ ವಕೀಲರು ನಿಮ್ಮಿಂದ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಭದ್ರಾವತಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ. ಫೋನ್ ಮಾಡುವುದಾದರೆ ಸಹಾಯವಾಣಿ 15100. ಒಬ್ಬರೇ ಹೋಗಲು ಅಳುಕಾದರೆ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.